ಬರದ ವರ್ಷದಲ್ಲಿ ‘ನೀವೇ ಕಿತ್ತುಕೊಳ್ಳಿ’ ಮಾವಿನ ತೋಟ: ಇರುವ ನೀರನ್ನು ಯಾವಾಗ ಕೊಡಬೇಕು?

ಪ್ರಶ್ನೆ (ರಾಮನಗರದ ಬೆಳೆಗಾರ)

ಮಾನ್ಯರೇ, ನಮ್ಮದು ಮೂರು ಎಕರೆಯ ಮಾವಿನ ತೋಟ. ಬಾದಾಮಿ, ರಸಪುರಿ, ಮಲ್ಲಿಕಾ ಮರಗಳಿವೆ. ಮಂಡಿಗೆ ಹಾಕುವ ಬದಲು ಬೇಸಿಗೆಯ ಶನಿವಾರ, ಭಾನುವಾರಗಳಂದು ಬೆಂಗಳೂರಿನ ಕುಟುಂಬಗಳನ್ನು ತೋಟಕ್ಕೆ ಕರೆದು, ಅವರೇ ಕಿತ್ತುಕೊಂಡ ಕಾಯಿಯನ್ನು ತೂಕದ ಲೆಕ್ಕದಲ್ಲಿ ಮಾರುತ್ತೇವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾಯಿತಲ್ಲವೇ, ಅದರ ಮರು ಬೇಸಿಗೆಯಲ್ಲಿ ನಮ್ಮಲ್ಲಿ ಹೂವು ತಡವಾಗಿ ಬಂದು, ಕಟ್ಟಿದ ಹೀಚೂ ಬಿಸಿಲಿಗೆ ಉದುರಿ, ಕೈಗೆಟುಕುವ ಕೊಂಬೆಗಳೆಲ್ಲ ಬರಿದಾಗಿದ್ದವು. ಮಕ್ಕಳನ್ನು ಕರೆತಂದವರು ಅರ್ಧ ಚೀಲವೂ ತುಂಬದೆ ಹಿಂತಿರುಗಿದ್ದು ಇಂದಿಗೂ ನನ್ನನ್ನು ಕಾಡುತ್ತದೆ. ಈ ಸಲವೂ ಹಿಂಗಾರು ಕೈಕೊಟ್ಟಿದೆ, ಕೊಳವೆಬಾವಿ ನಿಂತು ನಿಂತು ನೀರೆತ್ತುತ್ತಿದೆ. ಇರುವ ನೀರನ್ನು ಈಗಲೇ ಕೊಟ್ಟು ಹೂ ಬರಿಸಬೇಕೇ ಅಥವಾ ಕಾಯಬೇಕೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಶ್ರೀನಿವಾಸಪುರದ ಬೆಳೆಗಾರ)

ಖಂಡಿತ ಕಾಯಿರಿ. ಹೂ ಬಿಡುವ ಮೊದಲು ಎರಡು ಮೂರು ತಿಂಗಳು ಮಾವಿನ ಮರ ಒಣಗಿದ ನೆಲದಲ್ಲಿ ನಿಲ್ಲುವುದೇ ಒಳ್ಳೆಯದು. ಆಗ ನೀರು ಹರಿಸಿದರೆ ಹೂಗೊಂಚಲಿನ ಬದಲು ಎಳೆ ಚಿಗುರು ಹೊರಡುತ್ತದೆ, ಇದ್ದ ನೀರೂ ಮುಗಿಯುತ್ತದೆ. ಬರದಿಂದ ನಿಜವಾದ ಪೆಟ್ಟು ಬೀಳುವುದು ಕಾಯಿ ಕಟ್ಟಿದ ಮೇಲೆ. ಹೀಚು ಬಟಾಣಿ ಗಾತ್ರಕ್ಕೆ ಬಂದಾಗಿನಿಂದ ನಿಂಬೆ ಗಾತ್ರ ದಾಟುವವರೆಗೆ ಬೇರಿಗೆ ತೇವ ಸಿಗದಿದ್ದರೆ ಮರ ತನ್ನನ್ನು ಉಳಿಸಿಕೊಳ್ಳಲು ಕಾಯಿಯನ್ನು ಉದುರಿಸುತ್ತದೆ. ನಿಮ್ಮ ನೀರೆಲ್ಲ ಆ ಕೆಲವು ವಾರಗಳಿಗೆ ಮೀಸಲಾಗಿರಲಿ. 10 ಮೀಟರ್ ಅಂತರದಲ್ಲಿ ನೆಟ್ಟಿದ್ದರೆ ಎಕರೆಗೆ 40ರಂತೆ ಒಟ್ಟು 120 ಮರಗಳಾಗುತ್ತವೆ; ಮರಕ್ಕೆ 100 ಲೀಟರಿನಂತೆ ಕೊಟ್ಟರೂ ಒಂದು ಸುತ್ತಿಗೆ 12,000 ಲೀಟರ್ ಬೇಕು. ಅಷ್ಟು ನೀರು ಹೊಂದದಿದ್ದರೆ ಎಲ್ಲ ಮರಗಳಿಗೂ ಚಿಮುಕಿಸಬೇಡಿ. ಹೆಚ್ಚು ಕಾಯಿ ಹಿಡಿದ, ಕೊಂಬೆ ತಗ್ಗಿನಲ್ಲಿರುವ ಮರಗಳನ್ನು ಆರಿಸಿಕೊಂಡು ಅವಕ್ಕಷ್ಟೇ ಸರಿಯಾಗಿ ಕೊಡಿ.

ಉತ್ತರ 2 (ತೋಟಗಾರಿಕೆ ಓದಿದವರು, ಧಾರವಾಡ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಇದರ ಜೊತೆಗೆ, ನೀರನ್ನು ಬುಡಕ್ಕೆ ಸುರಿಯಬೇಡಿ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿರುವುದು ಕಾಂಡದಿಂದ ದೂರದಲ್ಲಿ, ಮರದ ನೆರಳು ಬೀಳುವ ಅಂಚಿನ ಸುತ್ತ. ಪಾತಿಯನ್ನು ಅಲ್ಲಿ ಮಾಡಿ, ಸಂಜೆಯ ಮೇಲೆ ನೀರು ಕೊಟ್ಟು, ಒಣ ಎಲೆ ಅಥವಾ ರಾಗಿ ಹುಲ್ಲಿನ ದಪ್ಪ ಹೊದಿಕೆ ಹಾಸಿ. ಹೊದಿಕೆ ಕಾಂಡಕ್ಕೆ ತಾಗಬಾರದು. ನಾಲ್ಕೈದು ವರ್ಷದೊಳಗಿನ ಗಿಡಗಳಿದ್ದರೆ ಅವುಗಳ ಹೂವನ್ನು ಚಿವುಟಿ ಹಾಕಿ, ಗಿಡ ಬದುಕಿದರೆ ಸಾಕು. ಮಣ್ಣಿನಲ್ಲಿ ತೇವವಿಲ್ಲದ ವರ್ಷ ಹೂ ಬರಿಸುವ ಆಸೆಯಿಂದ ಕಲ್ಟಾರ್ (ಚಿಗುರಿನ ಬೆಳವಣಿಗೆ ತಡೆದು ಹೂ ಬರಿಸುವ ರಾಸಾಯನಿಕ) ಹಾಕಲೇಬಾರದು. ಬಳಲಿದ ಮರಕ್ಕೆ ಅದು ಇನ್ನೊಂದು ಹೊರೆ. ಒಣ ಹವೆಯಲ್ಲಿ ಥ್ರಿಪ್ಸ್ ನುಸಿಯ ಕಾಟವೂ ಹೆಚ್ಚುವುದರಿಂದ ಹೂಗೊಂಚಲನ್ನು ಬಿಳಿ ಕಾಗದದ ಮೇಲೆ ಮೆಲ್ಲಗೆ ತಟ್ಟಿ ನೋಡುತ್ತಿರಿ, ಇದ್ದರೆ ಸಣ್ಣ ಗೆರೆಗಳಂತೆ ಹರಿದಾಡುವುದು ಕಾಣುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಉಳಿದ ಕಾಯಿ ಸಣ್ಣದಾಗಿಯೇ ಬಲಿತರೆ ಬಂದವರಿಗೆ ಏನೆಂದು ಹೇಳುವುದು? ಗಾತ್ರ ನೋಡಿ ಎಳೆಯದೆಂದು ಬಿಟ್ಟುಬಿಡುತ್ತಾರೆ, ಇಲ್ಲವೇ ದೊಡ್ಡದೆಂದು ಬಲಿಯದ ಕಾಯನ್ನೇ ಕೀಳುತ್ತಾರೆ.

ಉತ್ತರ 3 (ದೊಡ್ಡಬಳ್ಳಾಪುರದ ಬೆಳೆಗಾರ್ತಿ)

ಅಣ್ಣಾ, ನಾವೂ ತೋಟಕ್ಕೆ ಜನರನ್ನು ಕರೆಯುವವರೇ ಆದ್ದರಿಂದ ಹೇಳುತ್ತೇನೆ. ನೀರು ಕಡಿಮೆಯಾದ ವರ್ಷ ಕಾಯಿ ಸಣ್ಣದಾಗುತ್ತದೆ, ತಿರುಳಿಗೆ ಹೋಲಿಸಿದರೆ ವಾಟೆಯ ಪಾಲು ಹೆಚ್ಚಾಗುತ್ತದೆ. ಆದರೆ ಚೆನ್ನಾಗಿ ಬಲಿತದ್ದಾದರೆ ರುಚಿಗೆ ಕೊರತೆಯಿಲ್ಲ. ಬಂದವರನ್ನು ಮೊದಲು ಒಂದು ಮರದ ಕೆಳಗೆ ನಿಲ್ಲಿಸಿ, ಬಲಿತ ಕಾಯಿಯ ತೊಟ್ಟಿನ ಎರಡೂ ಬದಿಯ ಭುಜ ಉಬ್ಬಿ ತೊಟ್ಟು ತಗ್ಗಿನಲ್ಲಿ ಕುಳಿತಿರುವುದನ್ನು ಕೈಯಿಂದ ಮುಟ್ಟಿಸಿ ತೋರಿಸಿ. ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟಿರಿ: ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ಮಕ್ಕಳಿಗೆ ಇದು ಬಹಳ ಇಷ್ಟ. ತೊಟ್ಟು ಒಂದಿಷ್ಟು ಉಳಿಯುವಂತೆ ಕತ್ತರಿಸಲು ಹೇಳಿ, ಸೊನೆ ಸಿಪ್ಪೆಗೆ ಇಳಿದರೆ ಕಲೆಯಾಗುತ್ತದೆ, ಚರ್ಮಕ್ಕೂ ಉರಿ.

ಬೆಳೆ ಕಡಿಮೆಯಿರುವಾಗ ಎಲ್ಲ ವಾರವೂ ತೋಟ ತೆರೆಯುವುದು ಬೇಡ. ರಸಪುರಿ, ಬಾದಾಮಿ ಮೊದಲು ಬರುತ್ತವೆ, ಮಲ್ಲಿಕಾ ತಡ. ಆಯಾ ತಳಿ ಬಲಿತ ವಾರಕ್ಕಷ್ಟೇ ಮುಂಗಡ ಹೆಸರು ಬರೆಸಿಕೊಂಡು, ಮರಗಳ ಮೇಲಿರುವ ಕಾಯನ್ನು ಅಂದಾಜು ಮಾಡಿ, ಒಂದು ಕುಟುಂಬಕ್ಕೆ ಇಷ್ಟು ಕಿಲೋ ಎಂದು ಮೊದಲೇ ಫೋನಿನಲ್ಲಿ ತಿಳಿಸಿಬಿಡಿ. ಈ ಸಲ ಬರವಿದೆ, ಕಾಯಿ ಸಣ್ಣದು ಎಂಬುದನ್ನೂ ಆಗಲೇ ಹೇಳಿ. ಉದುರಿದ ಕಾಯನ್ನು ಉಪ್ಪಿನಕಾಯಿಗೆ ಬೇರೆ ದರದಲ್ಲಿ ಕೊಡಬಹುದು. ಒಂದು ಎಚ್ಚರಿಕೆ: ಒಣಗಿದ ತೋಟಕ್ಕೆ ಒಮ್ಮೆಲೇ ಹೆಚ್ಚು ನೀರು ಬಿಟ್ಟರೆ ದೋರೆಗಾಯಿ ಸೀಳಬಹುದು, ಆದ್ದರಿಂದ ಕೊಯ್ಲಿಗೆ ಎರಡು ಮೂರು ವಾರ ಮೊದಲೇ ನೀರು ನಿಲ್ಲಿಸಿ.