ಅಪ್‌ಡೇಟ್: ಗಾಡಿಯ ಹಿಂಬದಿಯ ಸಸ್ಪೆನ್ಷನ್ ಆರ್ಮ್ ಬದಲಾಯಿಸಿದ್ದಾಯಿತು

ನನ್ನ ಗಾಡಿಯ ಹಿಂಬದಿಯ ತುಕ್ಕು ಹಿಡಿದ ಲೋವರ್ ಆರ್ಮ್‌ಗಳಿಗೆ (ಆಕ್ಸಲನ್ನು ಗಾಡಿಯ ಅಡಿಭಾಗಕ್ಕೆ ಜೋಡಿಸುವ ಕೆಳಗಿನ ಲೋಹದ ತೋಳುಗಳು) ವೆಲ್ಡಿಂಗ್ ಸಾಕೇ ಎಂದು ಕೇಳಿದ್ದೆ. ಸಾಲದು, ಎರಡೂ ಕಡೆ ಹೊಸದೇ ಹಾಕಿಸಿದೆ. ಬಿಚ್ಚಿದ ಆರ್ಮ್‌ನ ತಳಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಗುತ್ತಿತ್ತು. ನೀರು ಇಳಿಯುವ ತೂತು ತೋಟದ ರಸ್ತೆಯ ಕೆಸರಿನಿಂದ ಮುಚ್ಚಿಹೋಗಿ, ಮಡಿಕೇರಿಯ ಮಳೆಗಾಲವಿಡೀ ಒಳಗೆ ಒದ್ದೆ ನಿಂತದ್ದೇ ಕಾರಣ.

ನಿಜವಾದ ಕಷ್ಟ ಆರ್ಮ್ ಹಿಡಿದಿಡುವ ಬೋಲ್ಟ್‌ನದು. ನಟ್ ಬಿಚ್ಚಿದರೂ ಬೋಲ್ಟ್ ಮಾತ್ರ ಬುಷ್‌ನ (ಆರ್ಮ್‌ನ ತುದಿಯಲ್ಲಿರುವ ರಬ್ಬರ್ ಜೋಡಣೆ) ಒಳಗಿನ ಉಕ್ಕಿನ ಕೊಳವೆಗೆ ಕಚ್ಚಿಕೊಂಡಿರುತ್ತದೆ; ಜೋರಾಗಿ ಬಡಿದರೆ ಆರ್ಮ್ ಕೂರುವ ಬ್ರಾಕೆಟ್ ಬಾಗುತ್ತದೆ. ಬುಷ್ ಮತ್ತು ಬ್ರಾಕೆಟ್ ನಡುವೆ ಎರಡೂ ಬದಿ ಬೋಲ್ಟನ್ನು ಕತ್ತರಿಸುವುದೇ ಸರಿ. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್ ಹತ್ತಿರವಿದ್ದರೆ ಗ್ಯಾಸ್ ಕಟರ್ ಖಂಡಿತ ಬೇಡ. ಒಂದೊಂದೇ ಆರ್ಮ್ ಬಿಚ್ಚಿ, ಇಲ್ಲದಿದ್ದರೆ ಆಕ್ಸಲ್ ಜರುಗಿ ಬೋಲ್ಟ್‌ನ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ಬೋಲ್ಟ್‌ನ ಕೊನೆಯ ಬಿಗಿ ಮಾತ್ರ ಗಾಡಿ ಚಕ್ರದ ಮೇಲೆ ನಿಂತ ಮೇಲೆ. ಆಕ್ಸಲ್ ಇಳಿಬಿದ್ದಾಗಲೇ ಬಿಗಿದರೆ ಬುಷ್‌ನ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.