ಓದಿದ್ದು ವಾರದಲ್ಲೇ ಮರೆತುಹೋಗುತ್ತದೆ: ವಯಸ್ಸಿನ ದೋಷವೋ, ಓದುವ ರೀತಿಯದೋ?

ಜಿಜ್ಞಾಸು:
ಒಂದು ಅಧ್ಯಾಯವನ್ನು ಮೂರ್ನಾಲ್ಕು ಸಲ ಓದಿ, ಮುಖ್ಯ ಸಾಲುಗಳಿಗೆ ಬಣ್ಣ ಹಚ್ಚಿದರೆ ಆ ಹೊತ್ತಿಗೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ. ವಾರ ಬಿಟ್ಟು ಕೇಳಿದರೆ ಅರ್ಧವೂ ಬಾಯಿಗೆ ಬರುವುದಿಲ್ಲ. 14ರ ವಿದ್ಯಾರ್ಥಿಗೂ 40 ದಾಟಿದವರಿಗೂ ಇದೇ ಗೋಳು. ಮಿದುಳಿನ ಬೆಳವಣಿಗೆಗೂ ಇದಕ್ಕೂ ಸಂಬಂಧವಿದೆಯೇ? ದಿನಕ್ಕೆ ಒಂದು ಗಂಟೆ ಸಿಕ್ಕರೆ ಹೇಗೆ ಬಳಸಬೇಕು?

ನರತಂತು:
ಮೊದಲು ವಯಸ್ಸಿನ ಮಾತು. ಹುಟ್ಟಿದಾಗ ಮಿದುಳಿನ ತೂಕ ಸುಮಾರು 350–400 ಗ್ರಾಂ, ದೊಡ್ಡವರಲ್ಲಿ 1,300–1,400. ನರಕೋಶಗಳಲ್ಲಿ ಬಹುಪಾಲು ಹುಟ್ಟುವ ಮುನ್ನವೇ ತಯಾರಾಗಿರುತ್ತವೆ. ಆಮೇಲೆ ಬೆಳೆಯುವುದು ಅವುಗಳ ಕವಲು, ಒಂದಕ್ಕೊಂದರ ಸಂಪರ್ಕ ಮತ್ತು ತಂತುಗಳ ಮೇಲಿನ ಮಯಲಿನ್ ಎಂಬ ಕೊಬ್ಬಿನ ಹೊದಿಕೆ. ಮೊದಲ ಕೆಲವು ವರ್ಷಗಳಲ್ಲಿ ಸಂಪರ್ಕಗಳು ಬೇಕಾದ್ದಕ್ಕಿಂತ ಹೆಚ್ಚಾಗಿ ಹುಟ್ಟುತ್ತವೆ. ಬಳಕೆಯಾಗದವು ಹರೆಯದುದ್ದಕ್ಕೂ ಕಳಚಿಹೋಗುತ್ತವೆ. ಯೋಜನೆ, ಗಮನ, ಸಂಯಮ ಇವುಗಳನ್ನು ನೋಡಿಕೊಳ್ಳುವ ಹಣೆಯ ಹಿಂದಿನ ಭಾಗ ಬಲಿಯುವಷ್ಟರಲ್ಲಿ ಇಪ್ಪತ್ತೈದರ ಆಸುಪಾಸು ಆಗಿರುತ್ತದೆ. ಹಾಗಾಗಿ 14ರವರಿಗೆ "ವೇಳಾಪಟ್ಟಿ ನೀನೇ ಹಾಕಿಕೋ" ಎಂದು ಬಿಟ್ಟುಬಿಡುವುದು ಅನ್ಯಾಯ. ದೊಡ್ಡವರು ಜೊತೆಗೆ ಕೂರಬೇಕು.

40ರ ನಂತರ ಹೊಸದನ್ನು ಹಿಡಿಯುವ ವೇಗ ತುಸು ತಗ್ಗುತ್ತದೆ, ನಿಜ. ಆದರೆ ಹಳೆಯ ತಿಳಿವಳಿಕೆಯ ಆಸರೆ ಇರುತ್ತದೆ. ಸಂಪರ್ಕ ಬಲಗೊಳ್ಳುವುದು ಯಾವ ವಯಸ್ಸಿನಲ್ಲೂ ನಿಲ್ಲುವುದಿಲ್ಲ. ನೀವು ಹೇಳಿದ ತೊಂದರೆಗೆ ಕಾರಣ ವಯಸ್ಸಲ್ಲ, ಓದಿದ್ದನ್ನೇ ಓದುವುದು.

ಪಾಠಮೇಜು:
ಹೌದು. ಎರಡನೇ ಸಲ ಓದುವಾಗ ಸಾಲುಗಳು ಪರಿಚಿತ, ಕಣ್ಣು ಸರಾಗವಾಗಿ ಓಡುತ್ತದೆ. ಆ ಸರಾಗವನ್ನೇ ಕಲಿತದ್ದು ಅಂದುಕೊಳ್ಳುತ್ತೇವೆ. ಪುಸ್ತಕವಿಲ್ಲದೆ ನೆನಪಿನಿಂದ ಎತ್ತಿ ಕೊಡುವ ಅಭ್ಯಾಸವೇ ಆಗಿರುವುದಿಲ್ಲ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಇದನ್ನು ಅಳೆದರು. 5 ನಿಮಿಷದ ನಂತರ ಕೇಳಿದಾಗ ಮರಳಿ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಮರಳಿ ಓದಿದವರಿಗೆ ನೆನಪಿದ್ದದ್ದು ಶೇ 42, ಒಮ್ಮೆ ಓದಿ, ಮರಳಿ ಓದದೆ ನೆನಪಿಸಿಕೊಂಡು ಬರೆದಿದ್ದವರಿಗೆ ಶೇ 56.

ಒಂದು ಗಂಟೆಯನ್ನು ಹೀಗೆ ಹಂಚಿ. 20 ನಿಮಿಷ ಹೊಸ ಪಾಠ, ಬಣ್ಣದ ಪೆನ್ನು ಬೇಡ. 15 ನಿಮಿಷ ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನೆಲ್ಲ ಖಾಲಿ ಹಾಳೆಗೆ ಇಳಿಸಿ. 10 ನಿಮಿಷ ಪುಸ್ತಕ ತೆರೆದು ಬೇರೆ ಶಾಯಿಯಲ್ಲಿ ತಿದ್ದಿ. ಉಳಿದ 15 ಹಳೆಯ ಪಾಠಗಳಿಗೆ. ತಿದ್ದುವುದನ್ನು ಮಾತ್ರ ಎಂದೂ ಬಿಡಬೇಡಿ, ಬಿಟ್ಟರೆ ತಪ್ಪೇ ಗಟ್ಟಿಯಾಗಿ ಕೂರುತ್ತದೆ.

ಪ್ರಶ್ನೆ ಹಾಕಿಕೊಳ್ಳುವಾಗಲೂ ಎಚ್ಚರ ಬೇಕು. "ರಕ್ತಪರಿಚಲನೆ ವಿವರಿಸಿ" ಎಂದರೆ ಏನು ತಪ್ಪಿತೆಂದು ಗೊತ್ತಾಗುವುದೇ ಇಲ್ಲ. "ಶ್ವಾಸಕೋಶದಿಂದ ಮರಳುವ ರಕ್ತ ಹೃದಯದ ಯಾವ ಕೋಣೆಗೆ ಬರುತ್ತದೆ?" ಎಂದು ಕೇಳಿಕೊಳ್ಳಿ. ಉತ್ತರ ಎಡ ಹೃತ್ಕರ್ಣ. ಮುಂದಿನದು: "ಆಮ್ಲಜನಕ ಕಡಿಮೆಯಿರುವ ರಕ್ತವನ್ನು ಶ್ವಾಸಕೋಶಕ್ಕೆ ಒಯ್ಯುವ ನಾಳವನ್ನು ಅಪಧಮನಿ ಎನ್ನುವುದೇಕೆ?" ಹೆಚ್ಚಿನವರು ಎಡವುವುದು ಇಲ್ಲೇ. ಹೃದಯದಿಂದ ಹೊರಡುವ ನಾಳವೆಲ್ಲ ಅಪಧಮನಿ, ಒಳಗಿನ ರಕ್ತ ಯಾವುದೇ ಇರಲಿ. ಹೀಗೆ "ಏಕೆ" ಸೇರಿದ ಪ್ರಶ್ನೆ ಬಿಡಿ ಸಂಗತಿಗಳನ್ನು ಒಂದಕ್ಕೊಂದು ಕಟ್ಟುತ್ತದೆ.

ಜಿಜ್ಞಾಸು:
ಖಾಲಿ ಹಾಳೆಯ ಮುಂದೆ ಏನೂ ಹೊಳೆಯದಿದ್ದರೆ? ಹಳೆಯದನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು?

ನರತಂತು:
ಏನೂ ಹೊಳೆಯದಿದ್ದರೆ ತುತ್ತು ದೊಡ್ಡದಾಗಿದೆ ಎಂದರ್ಥ. ಮನಸ್ಸು ಏಕಕಾಲಕ್ಕೆ ಹಿಡಿದಿಡಬಲ್ಲ ಹೊಸ ಸಂಗತಿಗಳು ಸುಮಾರು ನಾಲ್ಕು. ಅಧ್ಯಾಯದ ಬದಲು ಒಂದೇ ಪುಟ ಓದಿ ಮುಚ್ಚಿ. ಎರಡು ನಿಮಿಷ ತಡಕಾಡಿದರೂ ಬಾರದಿದ್ದರೆ ಉಪಶೀರ್ಷಿಕೆಗಳನ್ನಷ್ಟೇ ನೋಡಿ, ಮತ್ತೆ ಪ್ರಯತ್ನಿಸಿ.

ಅಂತರದ ಲೆಕ್ಕಕ್ಕೆ, ಎಷ್ಟು ದಿನ ನೆನಪಿರಬೇಕೋ ಅದರ ಶೇ 10–20ರಷ್ಟು ಬಿಡುವು ಕೊಡಿ. ತಿಂಗಳ ನಂತರದ ಪರೀಕ್ಷೆಗಾದರೆ 3ರಿಂದ 6 ದಿನ. ತುಸು ಮರೆತು, ಕಷ್ಟಪಟ್ಟು ನೆನಪಿಸಿಕೊಂಡಾಗಲೇ ಹೆಚ್ಚು ಲಾಭ. ರಾತ್ರಿ ನಿದ್ದೆಗೆಟ್ಟು ಓದಬೇಡಿ. ಹಗಲು ಹಿಪ್ಪೊಕ್ಯಾಂಪಸ್ (ಹೊಸ ನೆನಪುಗಳನ್ನು ಹಿಡಿಯುವ ಮಿದುಳಿನ ಭಾಗ) ಹಿಡಿದಿಟ್ಟದ್ದು ಗಟ್ಟಿಯಾಗುವುದರಲ್ಲಿ ಗಾಢ ನಿದ್ದೆಯ ಪಾತ್ರ ದೊಡ್ಡದು.

ಪಾಠಮೇಜು:
ಗಣಿತಕ್ಕೊಂದು ಸೇರ್ಪಡೆ: ಒಂದೇ ಬಗೆಯ 20 ಲೆಕ್ಕ ಸಾಲಾಗಿ ಬಿಡಿಸಿದರೆ ಯಾವ ಸೂತ್ರ ಎಂದು ಯೋಚಿಸುವ ಪ್ರಮೇಯವೇ ಬರುವುದಿಲ್ಲ. ಮೂರು ಅಧ್ಯಾಯಗಳ ಲೆಕ್ಕ ಬೆರೆಸಿ. ಆ ದಿನ ತಪ್ಪು ಹೆಚ್ಚಾಗುತ್ತದೆ, ಹೆದರಿ ಹಳೆಯ ದಾರಿಗೆ ಮರಳಬೇಡಿ. ಆದರೆ ವಿಧಾನವೇ ಹೊಸದಾಗಿದ್ದಾಗ ಮೊದಲ ನಾಲ್ಕೈದು ಲೆಕ್ಕ ಒಂದೇ ಬಗೆಯವಿರಲಿ, ಬೆರೆಸುವುದು ಆಮೇಲೆ.