ಹಳೆ ಡ್ರಿಪ್ ಪೈಪಿನಿಂದ ಎಣ್ಣೆ ತೆಗೆಯಬಹುದಾ? ಮಾಡಿದವರು ಹೇಳಿ

ಪ್ರಶ್ನೆ, ತಿಕೋಟಾದಿಂದ:
ನಮ್ಮದು ಗುಜರಿ ವ್ಯಾಪಾರ. ದ್ರಾಕ್ಷಿ ತೋಟಗಳಿಂದ ಹಳೆ ಡ್ರಿಪ್ ಪೈಪು, ಮಲ್ಚಿಂಗ್ ಶೀಟು, ಒಣದ್ರಾಕ್ಷಿ ಶೆಡ್ಡಿನ ಹರಕು ಹಾಳೆ ಬರುತ್ತವೆ. ಪ್ಲಾಸ್ಟಿಕ್ ಕಾಯಿಸಿ ಎಣ್ಣೆ ತೆಗೆಯುವ ಪೈರಾಲಿಸಿಸ್ ಮಷಿನ್ ಹಾಕಿ, ಯಾವ ಪ್ಲಾಸ್ಟಿಕ್ ಆದರೂ ಎಣ್ಣೆ ಆಗುತ್ತದೆ, ಅದರಿಂದ ಮತ್ತೆ ಹೊಸ ಪ್ಲಾಸ್ಟಿಕ್ ಮಾಡ್ತಾರೆ ಅಂತ ಒಬ್ಬರು ಬೆನ್ನು ಹತ್ತಿದ್ದಾರೆ. ಮುಂಗಡ ಕೊಡಲಾ?

ಬೆಳಗಾವಿಯಿಂದ:
ಅಣ್ಣಾ, "ಯಾವ ಪ್ಲಾಸ್ಟಿಕ್ ಆದರೂ" ಅನ್ನೋ ಮಾತು ನಂಬಬೇಡಿ. ನಾನು ಇಂಥ ಘಟಕದಲ್ಲಿ ಎರಡು ವರ್ಷ ದುಡಿದೆ. ಗಾಳಿ ತಾಗದಂತೆ 400ರಿಂದ 600 ಡಿಗ್ರಿವರೆಗೆ ಕಾಯಿಸಿದರೆ ಪಾಲಿಥೀನ್, ಪಾಲಿಪ್ರೊಪಿಲೀನ್ ಒಡೆದು ಆವಿ ಆಗುತ್ತವೆ. ಆವಿ ತಣ್ಣಗಾದರೆ ಎಣ್ಣೆ. ನಮ್ಮ ತೊಂದರೆ ಪಿವಿಸಿ. ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್, ಕಾದರೆ ಆಸಿಡ್ ಆಗಿ ಹೊರಗೆ ಬರುತ್ತದೆ. ಒಂದು ದಿನ ಆವಿ ತಣಿಸುವ ಕಂಡೆನ್ಸರ್ ಬಿಚ್ಚಿದಾಗ ಕೊಳವೆ ತುಂಬಾ ಸಾಸಿವೆ ಕಾಳಿನಷ್ಟು ಕುಳಿಗಳು. ಉಗುರಿನಿಂದ ಕೆರೆದರೆ ಕಂದು ಪುಡಿ ಉದುರುತ್ತಿತ್ತು. ಆ ಎಣ್ಣೆಯನ್ನು ಹೊಸ ಪ್ಲಾಸ್ಟಿಕ್‌ಗೆ ಯಾರೂ ತಗೊಳ್ಳಲಿಲ್ಲ. ಕುಲುಮೆಯಲ್ಲಿ ಉರಿಸಲು ಹೋಯಿತು. ಉರಿದು ಹೋದದ್ದು ಮರುಬಳಕೆ ಹೇಗಾಗುತ್ತದೆ ಹೇಳಿ? ನನಗೆ ಇವತ್ತಿಗೂ ಅದೇ ಬೇಜಾರು.

ಹೊಸ ಪ್ಲಾಸ್ಟಿಕ್ ಆಗಬೇಕಾದರೆ ಎಣ್ಣೆ, ಕಚ್ಚಾ ತೈಲದಿಂದ ಬರುವ ನಾಫ್ತಾ ಜೊತೆ, ಎಣ್ಣೆ ಕಾಯಿಸಿ ಒಡೆಯುವ ದೊಡ್ಡ ಘಟಕವಾದ ಕ್ರ್ಯಾಕರ್‌ಗೆ ಹೋಗಿ ಪ್ಲಾಸ್ಟಿಕ್ ಮಾಡುವ ಮೂಲ ಅನಿಲಗಳಾದ ಎಥಿಲೀನ್, ಪ್ರೊಪಿಲೀನ್ ಆಗಬೇಕು. ನಮ್ಮ ದೇಶದಲ್ಲಿ ಅದು ಆಗಿದೆ. ಇಂಥ ಎಣ್ಣೆಯಿಂದ ಮಾಡಿದ ಪಾಲಿಮರ್‌ನ ಮೊದಲ ಕಂತನ್ನು ರಿಲಯನ್ಸ್ 2024ರಲ್ಲಿ ಜಾಮ್‌ನಗರದಿಂದ ಕಳಿಸಿತು. ಆದರೆ ಕ್ರ್ಯಾಕರ್‌ನವರು ಕ್ಲೋರಿನ್ ಅನ್ನು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಲೆಕ್ಕದಲ್ಲಿ ಅಳೆಯುತ್ತಾರೆ. ಹಾಗಾಗಿ ಮೊದಲು ಎಣ್ಣೆ ಕೊಳ್ಳುವವರ ಪತ್ರ, ಆಮೇಲೆ ಮಷಿನ್.

ಜಮಖಂಡಿಯಿಂದ:
ಡ್ರಿಪ್ ಪೈಪಿಗೆ ಎಣ್ಣೆ ದಾರಿ ಯಾಕ್ರೀ? ನಾವು ದಾಣಾ, ಅಂದರೆ ಮತ್ತೆ ಸಾಮಾನು ಮಾಡಲು ಬಳಸುವ ಪ್ಲಾಸ್ಟಿಕ್ ಕಾಳು, ಮಾಡುವವರು. ಗಿಡದ ಸಾಲಿಗೆ ಹಾಸುವ ಲ್ಯಾಟರಲ್ ಪೈಪು ಪಾಲಿಥೀನ್. ತೊಳೆದು, ಕತ್ತರಿಸಿ, 200 ಡಿಗ್ರಿ ಆಸುಪಾಸಿನಲ್ಲಿ ಕರಗಿಸಿದರೆ ದಾಣಾ ಬರುತ್ತದೆ. ಎಷ್ಟು ಉರುವಲು ಉಳಿಯಿತು ನೋಡಿ. ದಾಣಾ ಮಷಿನ್ ಹಿಡಿಯದ ಹಲವು ಪದರದ ಪೊಟ್ಟಣ, ಹರಕು ಹಾಳೆ ಎಣ್ಣೆಗೆ ಹೋಗಲಿ.

ಮೇನ್ ಲೈನಿನ ಪಿವಿಸಿ ಹುಷಾರು. ತುಂಡುಗಳನ್ನು ಸೀಳಿ, ಒಳಗೆ ಗಾಳಿ ನಿಲ್ಲದಂತೆ ಬಕೆಟ್ ನೀರಿನಲ್ಲಿ ಅದುಮಿ ಬಿಡಿ. ಪಾಲಿಥೀನ್ ಮೇಲೆ ಬರುತ್ತದೆ, ಪಿವಿಸಿ ತಳ ಹಿಡಿಯುತ್ತದೆ. ಬಾಟಲಿಯ ಪೆಟ್ ಕೂಡ ಮುಳುಗುತ್ತದೆ, ಅದನ್ನೂ ಬೇರೆ ಇಡಿ. ಅನುಮಾನ ಬಂದರೆ ತಾಮ್ರದ ತಂತಿ ಕಾಯಿಸಿ ತುಂಡಿಗೆ ಒತ್ತಿ, ಮತ್ತೆ ಉರಿಗೆ ಹಿಡಿಯಿರಿ. ಹಸಿರು ಉರಿ ಬಂದರೆ ಕ್ಲೋರಿನ್ ಇದೆ ಅಂತ. ಬಯಲಲ್ಲೇ ಮಾಡಿ, ಆ ಹೊಗೆ ಕುಡಿಯಬಾರದು.

ವಿಜಯಪುರದಿಂದ:
ಮಲ್ಚಿಂಗ್ ಶೀಟನ್ನು ಮಣ್ಣು ಸಮೇತ ತೂಕ ಮಾಡಿ ಕೊಳ್ಳಬೇಡಿ, ನಾನು ಹಾಗೆ ಕೈ ಸುಟ್ಟುಕೊಂಡೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ ಬೆಂಕಿ ಹಚ್ಚಲೇಬೇಡಿ.

ತಿಕೋಟಾದಿಂದ:
ಇವತ್ತು ಬಕೆಟ್ ಪರೀಕ್ಷೆ ಮಾಡಿದೆ. ಒಂದೇ ಚೀಲದಲ್ಲಿ ಏಳು ತುಂಡು ಮುಳುಗಿದವು. ಮುಂಗಡ ಕೊಟ್ಟಿಲ್ಲ. ಜಮಖಂಡಿಯವರೇ, ಡ್ರಿಪ್ ಪೈಪು ತೊಳೆದು ತಂದರೆ ತಗೋತೀರಾ?